ಕಿವಿಗೆ ಹಿಡಿದ ಪೊಟ್ಟಣ

"ಅಮ್ಮಾ, ಮೇಲ್ಮನೆ ದೊಡ್ಡಮ್ಮ ಊಟದ ಪೊಟ್ಟಣಾನ ಕಿವಿ ಹತ್ರ ಹಿಡ್ಕೊಂಡು ಏನು ಕೇಳಿಸ್ಕೋತಾರೆ? ಒಳಗಿರೋ ಅನ್ನ ಮಾತಾಡುತ್ತಾ?"

ಮಗಳ ಉಗುರು ಕತ್ತರಿಸುತ್ತಿದ್ದ ಗುಬ್ಬಿಯ ಅಮ್ಮನ ಕೈ ಅಲ್ಲೇ ನಿಂತಿತು. ಗುಬ್ಬಿ ಎಂದರೆ ಮಗಳೇ. ಆರು ವರ್ಷದವಳು, ಕಂಡದ್ದನ್ನೆಲ್ಲ ಮನೆಗೆ ಬಂದು ಒಪ್ಪಿಸುವ ಚಾಳಿಯವಳು.

"ಎಲ್ಲಿ ನೋಡ್ದೆ ನೀನು?"

"ಮೆಟ್ಟಿಲ ಕೆಳಗಿನ ಬೀರು ಹತ್ರ. ಒಂದೊಂದೇ ಕಿವಿಗೆ ಇಟ್ಕೊಂಡ್ರು. ಆಮೇಲೆ ಒಂದಷ್ಟನ್ನ ಚೀಲಕ್ಕೆ ಹಾಕ್ಕೊಂಡು ಹೋದ್ರು. ನನ್ನ ನೋಡಿ 'ಶ್' ಅಂದ್ರು."

ಪೊಟ್ಟಣವನ್ನು ಕಿವಿಗಿಟ್ಟುಕೊಂಡಿದ್ದೇನೋ ಸರಿ. ಆದರೆ ಆ 'ಶ್' ಮಾತ್ರ ಗುಬ್ಬಿಯ ಅಮ್ಮನ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

ದೊಡ್ಡಮ್ಮ ಅಲ್ಲಿ ಯಾರಿಗೂ ನಿಜವಾದ ದೊಡ್ಡಮ್ಮ ಅಲ್ಲ. ಆ ನಾಲ್ಕಂತಸ್ತಿನ ಕಟ್ಟಡಕ್ಕೆಲ್ಲ ದೊಡ್ಡಮ್ಮ. ಅರ್ಧ ಆಯುಷ್ಯವನ್ನು ಸಿದ್ಧ ಊಟದ ಕಾರ್ಖಾನೆಯಲ್ಲಿ ಸವೆಸಿದವರು. ಬೆಟ್ಟ ಹತ್ತುವವರು, ಕಾಡಿನಲ್ಲಿ ಡೇರೆ ಹಾಕುವವರು, ನೆರೆಯಲ್ಲಿ ಸಿಕ್ಕಿಬಿದ್ದವರು ತಿನ್ನುವ ಊಟ ಅದು. ದಪ್ಪ ಹಾಳೆಯ ಪೊಟ್ಟಣದೊಳಗೆ ಅನ್ನ, ಕಾಳು, ತರಕಾರಿ. ಕತ್ತರಿಸಿ ಬಾಯಿಗೆ ಹಾಕಿಕೊಂಡರಾಯಿತು, ಒಲೆಯ ಹಂಗಿಲ್ಲ. ಬಾಯಿ ಬೆಸೆದ ಪೊಟ್ಟಣಗಳು ದೊಡ್ಡ ಹಬೆಯಂತ್ರದಲ್ಲಿ ಬೆಂದು, ಆರಿ, ಮೇಜಿಗೆ ಬಂದಾಗ ಅವನ್ನು ಹೆಬ್ಬೆರಳಿನಿಂದ ಒತ್ತಿ, ಅಂಚು ಸವರಿ, ಕಿವಿಯ ಹತ್ತಿರ ಹಿಡಿದು ಗಾಳಿ ಸೋರುವ ಸದ್ದಿದೆಯೇ ಎಂದು ಕೇಳುವುದೇ ದೊಡ್ಡಮ್ಮನ ಕೆಲಸವಾಗಿತ್ತು.

ಕೆಲಸ ಬಿಟ್ಟರೂ ಹೆಬ್ಬೆರಳು ಮಾತ್ರ ನಿವೃತ್ತಿಯಾಗಿರಲಿಲ್ಲ. ಹಾಲಿನ ಪ್ಯಾಕೆಟ್ಟು, ಬ್ರೆಡ್ಡು, ಮಾತ್ರೆಯ ಡಬ್ಬಿ, ಯಾವುದನ್ನೂ ಒತ್ತದೆ ಮನೆಯೊಳಗೆ ಬಿಟ್ಟುಕೊಂಡವರಲ್ಲ. "ದೊಡ್ಡಮ್ಮಾ, ಬನ್ನು ತಗೊಳ್ಳಿ ಅಂದ್ರೆ ಅದರ ನಾಡಿ ನೋಡ್ತೀರಲ್ಲ!" ಎಂದು ಬೇಕರಿಯವನು ಗೋಳಾಡಿದರೆ, "ನಿನ್ನೆ ಸತ್ತ ಬನ್ನಿಗೆ ಎಲ್ಲಿಂದ ಬರಬೇಕಪ್ಪ ನಾಡಿ?" ಎಂದು ಅವನ ಬಾಯಿಗೇ ಬೀಗ ಹಾಕುತ್ತಿದ್ದರು. ಅವರ ಯಜಮಾನರು ಬದುಕಿದ್ದಾಗ, "ಮದುವೆಗೆ ಮುಂಚೆ ಇವಳು ನನ್ನ ಕೆನ್ನೆ ಒತ್ತಿ ನೋಡಿದ ಮೇಲೇ ಹೂಂ ಅಂದದ್ದು" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದರಂತೆ.

ಹಿಂದಿನ ವರ್ಷ ಬೀದಿಗೆ ನೀರು ನುಗ್ಗಿದಾಗ ಕಟ್ಟಡದವರೆಲ್ಲ ಇದ್ದಬದ್ದ ಬಿಸ್ಕತ್ತನ್ನು ಮುರಿದು ಹಂಚಿಕೊಂಡು ತಿಂದಿದ್ದರು. ಬುದ್ಧಿ ಬಂದ ಮೇಲೆ, ಆಪತ್ತಿಗಿರಲಿ ಎಂದು ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಬೀರು ಇಡಿಸಿ ಊಟದ ಪೊಟ್ಟಣ, ಟಾರ್ಚು, ನೀರಿನ ಕ್ಯಾನು ತುಂಬಿಸಿದರು. ಪೊಟ್ಟಣ ತಂದುಕೊಟ್ಟವನು ದೊಡ್ಡಮ್ಮನ ಅಳಿಯ. ಬಹಳ ಕಾಲ ಕೆಲಸವಿಲ್ಲದೆ ಮನೆಯಲ್ಲೇ ಕುಳಿತಿದ್ದವನು, ಈಚೆಗೆ ಹೆಂಡತಿಯ ಜೊತೆ ಸೇರಿ ಒಂದು ಸಣ್ಣ ಶೆಡ್ಡಿನಲ್ಲಿ ತಾನೇ ಈ ಊಟ ತಯಾರಿಸಿ ಮಾರಲು ತೊಡಗಿದ್ದ. ಈ ಕಟ್ಟಡದವರು ಚೆನ್ನಾಗಿದೆ ಎಂದರೆ ಬೀದಿಯ ಬೇರೆ ಕಟ್ಟಡದವರೂ ತರಿಸುವವರಿದ್ದರು. ಬೀರಿನ ಕೀಲಿಕೈ ಮಾತ್ರ ದೊಡ್ಡಮ್ಮನ ಕೈಯಲ್ಲಿ. "ಅವರಷ್ಟು ಅನುಮಾನದ ಮನುಷ್ಯರು ಇನ್ನೆಲ್ಲಿ ಸಿಗ್ತಾರೆ?" ಎಂದು ನಗುತ್ತಲೇ ಎಲ್ಲರೂ ಒಪ್ಪಿ ಕೊಟ್ಟಿದ್ದರು.

ಊಟಕ್ಕೆ ಕುಳಿತಾಗ ಗುಬ್ಬಿ ಅಪ್ಪನಿಗೂ ವರದಿ ಒಪ್ಪಿಸಿದಳು.

"ಸರಿ ಹೋಯ್ತು," ಎಂದ ಅವನು. "ಅಳಿಯ ಮುಂಬಾಗಿಲಿಂದ ತರೋದು, ಅತ್ತೆ ಹಿಂಬಾಗಿಲಿಂದ ಸಾಗಿಸೋದು. ಒಂದೇ ಸರಕು ಎರಡು ಸಲ ವ್ಯಾಪಾರ. ಭಲೇ ತಲೆ!"

"ನಿಮ್ಮ ಬಾಯಿಗೆ ಬರೋದೇ ಇಂಥದ್ದು. ಇವಳಿಗೆ ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಇಟ್ಕೊಂಡು ಕೂತವರು ಯಾರು?"

"ಅದು ಬೇರೆ, ಇದು ಬೇರೆ. ಸುಮ್ನೆ ಒಂದು ಕಣ್ಣಿಟ್ಟಿರು."

ಕಣ್ಣಿಡುವುದಿಲ್ಲ ಎಂದುಕೊಂಡೇ ಅವಳು ಕಣ್ಣಿಟ್ಟಳು. ಮೇಲ್ಮನೆಯ ಬಾಗಿಲು ಕಿರ್ರೆಂದರೆ ಪಾತ್ರೆ ತೊಳೆಯುವ ನಲ್ಲಿ ನಿಲ್ಲಿಸಿ ಕಿವಿಗೊಡುವುದು ಅಭ್ಯಾಸವಾಯಿತು. ಚಪ್ಪಟೆಯಾಗಿ ಇಳಿದ ಚೀಲ ಉಬ್ಬಿಕೊಂಡು ಹತ್ತುತ್ತಿತ್ತು. ಒಂದು ಸಲ ಮೆಟ್ಟಿಲಲ್ಲಿ ಎದುರುಬದುರಾದಾಗ, "ಏನು ದೊಡ್ಡಮ್ಮ, ಭಾರಿ ಖರೀದಿ?" ಎಂದು ಕೆಣಕಿದಳು.

"ಹಳೇ ಬಟ್ಟೆ ಅಮ್ಮ, ಒಗೆಯೋದಿತ್ತು," ಎಂದರು ದೊಡ್ಡಮ್ಮ. ಚೀಲದೊಳಗೆ ದಪ್ಪ ಹಾಳೆ ಚರಕ್ಕೆಂದಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ಗೋಡೆ ನೋಡಿದರು.

ಶನಿವಾರ ಸಂಜೆ ಮಕ್ಕಳು ತಾರಸಿಯ ಮೇಲೆ ಡೇರೆ ಹಾಕಿದರು. ಹಗ್ಗಕ್ಕೆ ಹೊದಿಕೆ ಹೊದಿಸಿದ ಡೇರೆ. ಹುಲಿ ಬಂದರೆ ಓಡಿಸಲು ಪೊರಕೆ. ಬೀರಿನಿಂದ ಒಬ್ಬೊಬ್ಬರಿಗೆ ಒಂದು ಪೊಟ್ಟಣ ಕೊಡಬಹುದೆಂದು ದೊಡ್ಡವರೆಲ್ಲ ಮೊದಲೇ ಒಪ್ಪಿದ್ದರು. ಆಗ ದೊಡ್ಡಮ್ಮ ಊರಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ತುರ್ತಿಗೆಂದು ತನ್ನ ಬಳಿ ಕೊಟ್ಟಿದ್ದ ಮತ್ತೊಂದು ಕೀಲಿಕೈಯಿಂದ ಕಾವಲುಗಾರ ಬೀರು ತೆಗೆದುಕೊಟ್ಟಿದ್ದ. ಗುಬ್ಬಿ ನಾಲಿಗೆ ಹೊರಚಾಚಿ ಪೊಟ್ಟಣದ ಮೂಲೆಗೆ ಕತ್ತರಿ ಇಟ್ಟಿದ್ದಳು, ಅಷ್ಟರಲ್ಲಿ ಆಗ ತಾನೇ ಮರಳಿ ಕಾವಲುಗಾರನಿಂದ ವಿಷಯ ತಿಳಿದಿದ್ದ ದೊಡ್ಡಮ್ಮ ಏದುಸಿರು ಬಿಡುತ್ತ ಮೇಲೆ ಬಂದರು.

"ಯಾರೂ ತಿನ್ನಬೇಡಿ! ಇಲ್ಲಿ ಕೊಡಿ!"

ಒಂದೊಂದಾಗಿ ಕಿತ್ತುಕೊಂಡು ಚೀಲಕ್ಕೆ ತುರುಕಿದರು. ಮಕ್ಕಳ ಬಾಯಿ ತೆರೆದದ್ದು ತೆರೆದೇ ಇತ್ತು.

"ನನ್ನ ಕಾಡಿನ ಊಟ!" ಗುಬ್ಬಿ ರಾಗ ಎಳೆದಳು.

"ಯಾಕೆ ದೊಡ್ಡಮ್ಮ? ಕೊಡೋದು ಅಂತ ಮಾತಾಗಿತ್ತಲ್ಲ?" ಮಕ್ಕಳ ಪಕ್ಕದಲ್ಲೇ ಕುಳಿತಿದ್ದ ಗುಬ್ಬಿಯ ಅಮ್ಮ ಎದ್ದು ನಿಂತಳು.

"ಅದು... ಆಪತ್ತಿಗೆ ಇಟ್ಟಿದ್ದು. ಆಟಕ್ಕಲ್ಲ." ದೊಡ್ಡಮ್ಮನ ಕಣ್ಣು ಎಲ್ಲೆಲ್ಲೋ ಓಡಿತು, ಅವಳ ಮುಖದ ಮೇಲೆ ಮಾತ್ರ ನಿಲ್ಲಲಿಲ್ಲ. ಮರುಕ್ಷಣವೇ ಕೆಳಗಿಳಿದು ಬ್ರೆಡ್ಡು, ಬೇಯಿಸಿದ ಮೊಟ್ಟೆ, ಒಂದು ಚಿಪ್ಪು ಬಾಳೆಹಣ್ಣು ಹೊತ್ತು ತಂದರು. ಹಣ್ಣು ಕಂಡದ್ದೇ ಮಕ್ಕಳ ಅಳು ಹಾರಿಹೋಯಿತು. ಗುಬ್ಬಿಯ ಅಮ್ಮನ ಅನುಮಾನ ಹಾರಿಹೋಗಲಿಲ್ಲ. ಇಷ್ಟು ದಿನ ಗಂಡನ ಮಾತಿಗೆ ಮೂಗು ಮುರಿದವಳಿಗೆ, ತಾನೇ ಪೆದ್ದಿಯಾದೆನೇನೋ ಅನ್ನಿಸಿತು.

ಬೆಳಗ್ಗೆ ಅವಳು ಒಂದು ಬಟ್ಟಲು ಹಿಡಿದು ಮೇಲೆ ಹೋದಳು. ತಿಂಡಿ ತುಂಬಿ ಕಳಿಸಿದ ದೊಡ್ಡಮ್ಮನ ಬಟ್ಟಲು ಯಾವಾಗಲೂ ಒಂದಾದರೂ ಗುಬ್ಬಿಯ ಮನೆಯಲ್ಲಿರುತ್ತಿತ್ತು. ಹೋಗಲು ನೆಪ ಹುಡುಕಬೇಕಾಗಿರಲಿಲ್ಲ. ಬಾಗಿಲು ಓರೆಯಾಗಿತ್ತು. ಕೂಗಲಿಲ್ಲ, ಒಳಗೆ ನಡೆದಳು. ಬಚ್ಚಲಮನೆಯ ಪಕ್ಕ, ನೀರು ಕಾಯುವ ಹಂಡೆಗೆ ಆತುಕೊಂಡಿದ್ದ ಗೂಡಿನ ಮುಂದೆ ದೊಡ್ಡಮ್ಮ ಬೆನ್ನು ಮಾಡಿ ನಿಂತಿದ್ದರು. ಗೂಡಿನ ತುಂಬ ಪೊಟ್ಟಣಗಳು, ಒಂದಕ್ಕೊಂದು ತಾಗದಂತೆ ಮಲಗಿಸಿದ್ದವು. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ಉಣ್ಣೆಯ ದಾರ.

"ಹಳೇ ಬಟ್ಟೆ ಚೆನ್ನಾಗಿ ಒಣಗ್ತಿದೆ, ದೊಡ್ಡಮ್ಮ."

ದೊಡ್ಡಮ್ಮ ಬೆಚ್ಚಿಬೀಳಲಿಲ್ಲ. ಮೆಲ್ಲಗೆ ತಿರುಗಿ, ಸ್ಟೂಲು ಎಳೆದುಕೊಂಡು ಕುಳಿತರು. "ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು. ನಾನು ಮೆಟ್ಟಿಲು ಇಳಿದಾಗಲೆಲ್ಲ ನಿಮ್ಮನೆ ನಲ್ಲಿ ನಿಲ್ತಿತ್ತಲ್ಲ."

ಅವಳ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ. "ಮಾರೋಕಾ ಇವು?"

"ಮಾರೋಕೆ!" ದೊಡ್ಡಮ್ಮ ನಕ್ಕರು, ನಗು ಅರ್ಧಕ್ಕೇ ಒಣಗಿತು. "ಕಾರ್ಖಾನೇಲಿ ಹೊಸ ಸರಕು ಬಂದಾಗಲೆಲ್ಲ ಒಂದಷ್ಟನ್ನ ಬೆಚ್ಚಗಿರೋ ಕೋಣೇಲಿ ಇಡ್ತಿದ್ವಿ. ಬೇಯೋದ್ರಲ್ಲೋ ಬೆಸೆಯೋದ್ರಲ್ಲೋ ಐಬಿದ್ರೆ ಒಂದೆರಡು ವಾರದಲ್ಲಿ ಹೊಟ್ಟೆ ಉಬ್ಬಿಸ್ಕೊಂಡು ತಾನೇ ಹೇಳುತ್ತೆ. ಅದಕ್ಕೇ ಇಲ್ಲಿಟ್ಟಿದೀನಿ, ಯಾವುದು ಯಾವುದು ಅಂತ ಗುರುತಿಗೆ ದಾರ."

"ಅಂದ್ರೆ ಇವು ಕೆಟ್ಟಿವೆಯಾ?"

"ಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?"

ದೊಡ್ಡಮ್ಮ ತಮ್ಮ ಎರಡೂ ಹೆಬ್ಬೆರಳನ್ನು ನೋಡಿಕೊಂಡರು, ಬೇರೆ ಯಾರದೋ ಕೈ ಎಂಬಂತೆ. "ಶೆಡ್ಡಿನಲ್ಲಿ ಮೊದಲನೇ ಸಲ ಮಾಡಿದ ದಿನ ನನ್ನ ಕರೆದಿದ್ರು. ಮಗಳು ತಲೆಗೆ ಟೋಪಿ ಹಾಕ್ಕೊಂಡು ನಗ್ತಾ ಓಡಾಡ್ತಿದ್ಳು. ಎಷ್ಟು ಕಾಲ ಆಗಿತ್ತು ಅವಳು ಹಾಗೆ ನಕ್ಕು! ಅಳಿಯ ಕೈಕಟ್ಟಿ ನಿಂತಿದ್ದ, ಫಲಿತಾಂಶ ಕೇಳೋ ಹುಡುಗನ ಥರ. ಪೊಟ್ಟಣ ಆಗ ತಾನೇ ಹೊರಗೆ ಬಂದಿತ್ತು, ಹೊಗೆಯಾಡ್ತಿತ್ತು. ಬಿಸಿ ಪೊಟ್ಟಣ ಒತ್ತಬಾರದಮ್ಮ. ಬಿಸಿಯಲ್ಲಿ ಎಲ್ಲಾ ಬಿಗಿಯಾಗೇ ಇರುತ್ತೆ, ಒಳಗಿನ ಹಬೆ ಸುಳ್ಳು ಹೇಳುತ್ತೆ. ಹಾಗೆ ಮುಟ್ಟಿದ ಹುಡುಗೀರ ಕೈಗೆ ಪಟ್ಟಂತ ಹೊಡೆದವಳು ನಾನು."

"ಆದ್ರೆ ಆವತ್ತು..."

"ಆವತ್ತು ಒತ್ತಿದೆ. ಭೇಷಾಗಿದೆ ಅಂದೆ. ಆರೋವರೆಗೂ ಕಾಯಿರಿ ಅನ್ನೋಕೆ ಬಾಯೇ ಬರ್ಲಿಲ್ಲ. ನನ್ನ ಮಾತೇ ಸಾಕು ಅಂತ ಅವನು ಅಷ್ಟನ್ನೂ ಡಬ್ಬಕ್ಕೆ ತುಂಬಿ ನಮ್ಮ ಬೀರಿಗೇ ಕಳಿಸಿದ."

ಗುಬ್ಬಿಯ ಅಮ್ಮನಿಗೆ ಕತ್ತರಿಯ ಬಾಯಲ್ಲಿದ್ದ ಪೊಟ್ಟಣದ ಮೂಲೆ ಕಣ್ಣಿಗೆ ಕಟ್ಟಿತು. "ನಿನ್ನೆ ಮಕ್ಕಳು ತಿಂದಿದ್ರೆ?"

"ಅದಕ್ಕೇ ತಾನೇ ಓಡಿಬಂದದ್ದು."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ! ಅಳಿಯನಿಗಾದರೂ?"

"ಏನಂತ ಹೇಳಲಿ? ಕೆಟ್ಟಿದೆ ಅಂತಲಾ, ಕೆಟ್ಟಿರಬಹುದು ಅಂತಲಾ? ಇದೊಂದು ಮಾತು ಬೀದಿಗೆ ಬಿದ್ರೆ ಅವನ ಶೆಡ್ಡಿಗೆ ಬೀಗ. ಅವನು ಮತ್ತೆ ಗೋಡೆ ನೋಡ್ತಾ ಕೂರ್ತಾನೆ, ನನ್ನ ಮಗಳು ಅವನನ್ನ ನೋಡ್ತಾ ಕೂರ್ತಾಳೆ. ಖಚಿತ ಮಾಡ್ಕೊಂಡು ಹೇಳೋಣ ಅಂತಿದ್ದೆ."

ಅವಳು ಕೇಳಿಸಿಕೊಳ್ಳುತ್ತಿದ್ದಳು, ಜೊತೆಗೆ ಕಣ್ಣು ಕೋಣೆಯನ್ನೆಲ್ಲ ಜಾಲಾಡುತ್ತಿತ್ತು: ಮಂಚದ ಕೆಳಗೆ ಪೆಟ್ಟಿಗೆಗಳಿವೆಯೇ, ಬಾಗಿಲ ಹಿಂದೆ ಕಟ್ಟಿಟ್ಟ ಗಂಟಿದೆಯೇ? ಚಪ್ಪಲಿ ಇತ್ತು, ಕೊಡೆ ಇತ್ತು. ಕದ್ದು ಮಾರುವವರು ಉಣ್ಣೆಯ ದಾರ ಕಟ್ಟಿ ಮಲಗಿಸುತ್ತಾರೆಯೇ ಎಂದು ತನ್ನನ್ನೇ ಕೇಳಿಕೊಂಡಳು. ಚೆನ್ನಾಗಿ ಕಥೆ ಕಟ್ಟುವವರು ಅದನ್ನೂ ಮಾಡಬಹುದು ಎಂದಿತು ಮನಸ್ಸಿನ ಇನ್ನೊಂದು ಮೂಲೆ.

ದೊಡ್ಡಮ್ಮ ನೀಲಿ ದಾರದ ಪೊಟ್ಟಣವೊಂದನ್ನು ತೆಗೆದು ಅವಳ ಕೈಗಿತ್ತರು. "ಒತ್ತಿ ನೋಡು. ಏನನ್ನಿಸುತ್ತೆ?"

ಒತ್ತಿದಳು. ಏನೋ ಪುಟಿದಂತಾಯಿತು. ಇನ್ನೊಮ್ಮೆ ಒತ್ತಿದಳು. ಇಲ್ಲವೇನೋ.

"ನನಗೂ ಅಷ್ಟೇ," ಎಂದರು ದೊಡ್ಡಮ್ಮ. "ಬೆಳಗ್ಗೆ ಉಬ್ಬಿದೆ ಅನ್ಸುತ್ತೆ. ಸಂಜೆ ಮಗಳು ಫೋನ್ ಮಾಡಿ ನಕ್ಕರೆ ಇಲ್ಲ ಅನ್ಸುತ್ತೆ. ಊರೆಲ್ಲದರ ಮೇಲೂ ಅನುಮಾನ ಪಟ್ಟೆ. ಈಗ ಈ ಬೆರಳ ಮೇಲೇ ಬಂದಿದೆ."

ಎದ್ದು, ಅವಳು ತಂದಿದ್ದ ಬಟ್ಟಲನ್ನು ಇಸಿದುಕೊಂಡು, ಗೂಡಿನಿಂದ ಮೂರು ಪೊಟ್ಟಣ ಆರಿಸಿ ಅದರಲ್ಲಿಟ್ಟರು. ಅದರ ಮೇಲೆ ಬೀರಿನ ಕೀಲಿಕೈ. ಬಟ್ಟಲನ್ನು ಮತ್ತೆ ಅವಳ ಕೈಗೇ ಕೊಟ್ಟರು.

"ಒಂದು ಉಪಕಾರ ಮಾಡಮ್ಮ. ಬೀರಿಗೆ ಇವತ್ತಿಂದ ನೀನೇ ಬೀಗ ಹಾಕು, ಕಾವಲುಗಾರನ ಕೀಲಿಕೈನೂ ಇಸ್ಕೋ. ಇವನ್ನ ನಿಮ್ಮನೇಲಿ ಬೆಚ್ಚಗಿರೋ ಕಡೆ, ಗುಬ್ಬಿ ಕೈಗೆ ಸಿಗದ ಹಾಗೆ ಇಡು. ದಿನಾ ಒತ್ತಿ ನೋಡು. ಒಂದು ಉಬ್ಬಿದ್ರೂ ನನಗೆ ಹೇಳೋಕೆ ಬರಬೇಡ, ನೇರವಾಗಿ ನನ್ನ ಅಳಿಯನಿಗೇ ಫೋನ್ ಮಾಡು. ನನಗೆ ಮೊದಲು ಹೇಳಿದ್ರೆ, ನಾನೆಲ್ಲಿ ನಿನ್ನ ಕೈ ಹಿಡ್ಕೊಂಡು ಬೇಡ ಅಂತೀನೋ ಏನೋ."