ನಲ್ಲಿ ಮಾವ ಮುಚ್ಚದ ವಾಲ್ವ್

ನನ್ನ ಸೋದರಮಾವ ಕೊಳಾಯಿ ರಿಪೇರಿ ಮಾಡುತ್ತಾರೆ. ಬೀದಿಯವರಿಗೆಲ್ಲ ಅವರು ನಲ್ಲಿ ಮಾವ. ಪೈಪ್ ಒಡೆದ ಮನೆಯವರು ಹೇಗಾಯಿತು, ಏಕಾಯಿತು ಎಂದು ಶುರುಮಾಡಿದರೆ, "ಕಥೆ ಆಮೇಲೆ ಹೇಳಿ, ಮೊದಲು ವಾಲ್ವ್ ತೋರಿಸಿ" ಎಂದು ಗದರುತ್ತಾರೆ. ನೀರು ನಿಂತ ಮೇಲೆಯೇ ಅವರಿಗೆ ಕಾರಣ ಬೇಕು. ಅಂಥವರು ತಮ್ಮ ಮನೆಯಲ್ಲಿ ಹೀಗೆ ಮಾಡಿದರಲ್ಲ ಎಂಬುದು ನನಗೆ ಇನ್ನೂ ಅರಗುತ್ತಿಲ್ಲ.

ಅತ್ತೆಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತ್ತು. ಡಾಕ್ಟರು ಪರೀಕ್ಷೆ ಮಾಡಿಸಿ, ಬೇಗ ತೆಗೆಸಿಬಿಡಿ, ಬೆಳೆದರೆ ಧ್ವನಿಯ ನರಕ್ಕೆ ತೊಂದರೆ ಎಂದು ಸ್ಪಷ್ಟವಾಗಿಯೇ ಹೇಳಿದ್ದರು. ಅತ್ತೆಯ ಧ್ವನಿ ಸಾಮಾನ್ಯದ್ದಲ್ಲ. ಮಹಡಿಯಿಂದ ಒಮ್ಮೆ ಕೂಗಿದರೆ, ಬೀದಿಯ ಕೊನೆಯಲ್ಲಿ ಪೈಪ್ ಕೊಯ್ಯುತ್ತಿದ್ದ ಮಾವ ಗರಗಸ ಕೆಳಗಿಡುತ್ತಿದ್ದರು.

"ಕುತ್ತಿಗೆ ವಿಷಯ ಕಣೇ, ಇನ್ನೊಬ್ಬರನ್ನ ಕೇಳೋಣ" ಎಂದರು ಮಾವ. ಇನ್ನೊಬ್ಬರಾದ ಮೇಲೆ ಮತ್ತೊಬ್ಬರು. ಸಿಂಕ್ ಸರಿಮಾಡಲು ಹೋದ ಮನೆಗಳಲ್ಲೂ ಕೇಳಿದರು. ಒಬ್ಬರು ಮಾತ್ರೆಯಲ್ಲೇ ಕರಗುತ್ತದೆ ಎಂದರು, ಇನ್ನೊಬ್ಬರು ಕೊಯ್ಯಿಸಲೇಬೇಡಿ ಎಂದರು. ಊಟದ ಹೊತ್ತಿಗೆ ಫೋನಿನಲ್ಲಿ ವಿಡಿಯೋಗಳು. ಹೊಸದು ತಿಳಿದಷ್ಟೂ ಮಾವನಿಗೆ ದಿಗಿಲು ಹೆಚ್ಚುತ್ತಿತ್ತು. ಗಂಟು ಮಾತ್ರ ಯಾರನ್ನೂ ಕೇಳದೆ ಬೆಳೆಯುತ್ತಿತ್ತು.

"ಊರೆಲ್ಲ ನನ್ನ ಕುತ್ತಿಗೆ ಮೇಲೆ ಕೂತಿದೆ" ಎಂದು ಅತ್ತೆ ನಗುತ್ತಲೇ ಅಂದರು. ಧ್ವನಿ ಆಗಲೇ ಒಡೆದಿತ್ತು. "ನಾನೊಂದು ಪೈಪ್ ಆಗಿದ್ದಿದ್ರೆ ಅವತ್ತೇ ವಾಲ್ವ್ ಮುಚ್ಚಿರ್ತಿದ್ರಿ, ಅಲ್ವೇನ್ರೀ?"

"ಸ್ವಲ್ಪ ತಡಿಯೇ. ನಾಳೆ ಒಬ್ಬರು ಹೇಳ್ತೀನಿ ಅಂದಿದ್ದಾರೆ."

ಮರುದಿನ ಆ ಒಬ್ಬರ ಮಾತು ಕೇಳಿಕೊಂಡು ಮಾವ ಬಂದಾಗ ಬಾಗಿಲಿಗೆ ಬೀಗ. ಬೀಗದ ಕೈ ನನ್ನ ಅಮ್ಮನ ಹತ್ತಿರವಿತ್ತು.

"ಅಣ್ಣಾ, ಅತ್ತಿಗೆ ಬೆಳಗ್ಗೆನೇ ಆಪರೇಷನ್‌ಗೆ ಸೇರ್ಕೊಂಡ್ರು. ಹೋದ ವಾರನೇ ದಿನ ಗೊತ್ತುಮಾಡ್ಕೊಂಡು ಬಂದಿದ್ರಂತೆ. ಸಹಿನೂ ಅವರೇ ಹಾಕಿದ್ರು."

ಮಾವನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಆಸ್ಪತ್ರೆಗೆ ಓಡಿದರು. ಹಿಂದೆಯೇ ನಾವೂ.

ಅಷ್ಟರಲ್ಲಿ ಆಪರೇಷನ್ ಮುಗಿದು ಗಂಟು ಹೊರಗೆ ಬಂದಿತ್ತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. "ಆದರೆ ಧ್ವನಿಯ ನರಕ್ಕೂ ಹಬ್ಬಿಬಿಟ್ಟಿತ್ತು. ನರ ಉಳಿಸೋಕೆ ಆಗಲಿಲ್ಲ. ಮೊದಲಿನ ಧ್ವನಿ ಇನ್ನು ಬರಲ್ಲ."

ಮಾವನಿಗೆ ಯಾವ ನರ, ಎಷ್ಟು ಹಬ್ಬಿತ್ತು, ಯಾವಾಗಿನಿಂದ ಎಂದು ಕೇಳುವುದು ಬೇಕಾದಷ್ಟಿತ್ತು. ಅದನ್ನೆಲ್ಲ ಬಿಟ್ಟು ಅತ್ತೆಯ ಮಂಚದ ಪಕ್ಕ ಹೋಗಿ ಕೂತರು.

ಸಂಜೆ ಅತ್ತೆ ಕಣ್ಣು ಬಿಟ್ಟರು. ಮಾವನನ್ನು ನೋಡಿ ತುಟಿ ಅಲುಗಿಸಿದರು. ಬರೀ ಉಸಿರು ಬಂತು. ಅವರಿಗೂ ಆಗಲೇ ಗೊತ್ತಾಗಿದ್ದಿರಬೇಕು, ಕಣ್ಣು ಅಷ್ಟು ದೊಡ್ಡದಾಯಿತು. ಆಮೇಲೆ ಬಲಗೈ ಮೇಲೆತ್ತಿ, ವಾಲ್ವ್ ಮುಚ್ಚುವ ಹಾಗೆ ಗಾಳಿಯಲ್ಲಿ ನಿಧಾನವಾಗಿ ತಿರುಗಿಸಿದರು.