ಹೊಂಡಕ್ಕೆ ಸುರಿದ ಸುಣ್ಣ

ನನ್ನ ತಮ್ಮ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಗಂಡ ತೀರಿಹೋದ ಮೇಲೆ ನಾನೂ ಅವನ ಮನೆಗೇ ಬಂದು ಸೇರಿದ್ದೆ. ಹಿತ್ತಲಿನಲ್ಲಿ, ಬಾಳೆಗಿಡದ ಪಕ್ಕ, ಅವನು ಮೊಣಕಾಲುದ್ದ ಆಳದ ಹೊಂಡ ತೋಡಿ ಸುತ್ತ ಕಲ್ಲು ಜೋಡಿಸಿದ್ದ. ಹರಿಹರದ ಹೊಳೆಯ ಮೀನುಗಳನ್ನು ಬಿಂದಿಗೆಯಲ್ಲಿ ತಂದು ಬಿಟ್ಟಿದ್ದ. ರೈಲಿನಲ್ಲಿ ಬಿಂದಿಗೆಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲವಂತೆ. ಕೊಕ್ಕನೂರಿನ ಕಡೆಯಿಂದ ನೈದಿಲೆಯ ಗಡ್ಡೆ ತಂದು ನೆಟ್ಟ. ಗಿರಣಿಯಿಂದ ಬಂದವನು ಮೈಮೇಲಿನ ಅರಳೆ ಕೊಡವಿಕೊಳ್ಳುವ ಮೊದಲೇ ಹೋಗಿ ಅಲ್ಲಿ ಕೂರುತ್ತಿದ್ದ.

"ಅಕ್ಕ, ಇವು ನನ್ನ ಗುರುತು ಹಿಡೀತಾವೆ ನೋಡು."

"ಹಿಡೀದೇ ಏನು? ದಿನಾ ಮಂಡಕ್ಕಿ ಹಾಕೋನ್ನ ಯಾರು ಬಿಡ್ತಾರಪ್ಪ!"

ಆ ಬೇಸಿಗೆಯಲ್ಲಿ ನೀರು ಹಸಿರುಗಟ್ಟಿತು. ನಮ್ಮ ಹಳ್ಳಿಯಲ್ಲಿ ಬಾವಿಯ ನೀರು ಕೆಟ್ಟರೆ ಅವ್ವ ಸುಣ್ಣ ಹಾಕಿಸುತ್ತಿದ್ದಳು, ತಿಳಿಯಾಗುತ್ತಿತ್ತು. ನಾನು ಓದಿದ್ದು ಮೂರನೇ ಕ್ಲಾಸು. ಬಾವಿಗೆ ಆಗುವುದು ಹೊಂಡಕ್ಕೂ ಆಗುತ್ತದೆ ಅಂದುಕೊಂಡೆ. ತಮ್ಮ ರಾತ್ರಿ ಪಾಳಿಗೆ ಹೊರಟ ಮೇಲೆ, ಗೋಡೆಗೆ ಬಳಿದು ಉಳಿದಿದ್ದ ಸುಣ್ಣ ಕಲಸಿ ಸುರಿದೆ. ನೋಡಿ ಖುಷಿಪಡಲಿ ಅಂತ.

ಬೆಳಿಗ್ಗೆ ನೀರೇನೋ ತಿಳಿಯಾಗಿತ್ತು. ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನು ಬರುವ ಮೊದಲೇ ತಳದ ಬಿಳುಪನ್ನು ಕೋಲಿನಿಂದ ಕೆಸರಿಗೆ ಕಲಸಿಬಿಟ್ಟೆ.

ಅವನು ಬಂದು ನೋಡಿ, ಹೊಂಡದ ಅಂಚಿನಲ್ಲಿ ಕುಕ್ಕರಿಸಿ ಒಂದೊಂದೇ ಮೀನನ್ನು ಎತ್ತಿ ಕಲ್ಲಿನ ಮೇಲಿಟ್ಟ. "ನಿನ್ನೆ ಎರಡು ಹಿಡಿ ಜಾಸ್ತಿ ಹಾಕಿದ್ದೆ, ಅಕ್ಕ. ಮಂಡಕ್ಕಿ ಕೊಳೆತು ನೀರು ಕೆಟ್ಟೈತೆ. ನಾನೇ ಕೊಂದೆ."

"ಇರಬಹುದೇನಪ್ಪ" ಅಂದೆ.

ನಾಲ್ಕು ದಿನಕ್ಕೆ ನೈದಿಲೆಯ ಎಲೆಗಳೂ ಹಳದಿಯಾಗಿ ಅಂಚು ಸುಟ್ಟಂತೆ ಮುರುಟಿದವು. ಅದೊಂದಾದರೂ ಉಳಿಯಲಿ ಎಂದು ತಮ್ಮ, ಬಂಗಲೆಯೊಂದರಲ್ಲಿ ತೋಟ ನೋಡುತ್ತಿದ್ದ ಮುದುಕರೊಬ್ಬರನ್ನು ಕರೆತಂದ. ಅವರು ನೀರನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡಿದರು. ತಮ್ಮ ಚಹಾ ತರಲು ಒಳಗೆ ಹೋಗಿದ್ದ.

"ಸೋಪಿನ ನೀರಿನಂಗೆ ಜಾರ್ತೈತಲ್ಲವ್ವ. ಸುಣ್ಣ ಗಿಣ್ಣ ಬಿದ್ದೈತೇನು? ಹಂಗಿದ್ರೆ ಹೇಳು. ನೀರೆಲ್ಲ ಬಳಿದು ಹೊರಗೆ ಚೆಲ್ಲಿ, ಗಡ್ಡೆ ತೊಳೆದು ಬೇರೆ ಮಣ್ಣಿಗೆ ಇಟ್ರೆ ಬದುಕ್ತೈತೆ."

"ಇಲ್ಲಜ್ಜ. ಸುಣ್ಣ ಯಾರು ಹಾಕ್ತಾರೆ?"

ಅವರು ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಚಹಾ ಕುಡಿದು, ಎಲೆಗೆ ರೋಗ ಇರಬಹುದು ಎಂದು ಹೇಳಿ ಹೋದರು.

ನಿಜ ಹೇಳಿದರೆ ತಮ್ಮ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದನೇ? ಖಂಡಿತ ಇಲ್ಲ. ಬೈದು, ಸಂಜೆಗೆ ಮರೆಯುತ್ತಿದ್ದ. ಅದು ಆಗಲೂ ನನಗೆ ಗೊತ್ತಿತ್ತು. ಆದರೂ ಇನ್ನೊಬ್ಬರ ಮನೆಯ ಅನ್ನ ಉಣ್ಣುವವಳಿಗೆ ಎಂಥದೋ ಹೆದರಿಕೆ.

ಗಡ್ಡೆ ಕೊಳೆತ ಮೇಲೆ ಒಂದು ಭಾನುವಾರ ಅವನು ಹೊಂಡ ಮುಚ್ಚಲು ನಿಂತ. "ನನ್ನ ಕೈಗೆ ಜೀವ ಇರೋದು ಯಾವುದೂ ಬ್ಯಾಡ, ಅಕ್ಕ" ಅಂದ. ಆಗಲಾದರೂ ಬಾಯಿ ಬಿಡಬಹುದಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಬುಟ್ಟಿ ಎತ್ತಿದೆ. ಅರ್ಧ ಮಣ್ಣನ್ನು ನಾನೇ ಹೊತ್ತು ಹಾಕಿದೆ.