ನಮ್ಮವರ ಅಂಗಿಯ ತೋಳು

ನನ್ನ ಗಂಡ ಫಾನ್ ಲೈಶುನ್ ನಲವತ್ತು ವರ್ಷ ಹೇಸರಗತ್ತೆ ಸಂತೆಯಲ್ಲಿ ದಲ್ಲಾಳಿಯಾಗಿದ್ದರು. ಬಂಡವಾಳ ಎಂದರೆ ಅಂಗಿಯ ಎರಡು ಉದ್ದ ತೋಳು, ಅಷ್ಟೆ. ನಮ್ಮ ಮಾಂಗ್‌ಶಾನ್ ಬೆಟ್ಟದ ಕಡೆ ವ್ಯಾಪಾರದ ಅಂಕಿಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಮಾರುವವನು ದಲ್ಲಾಳಿಯ ತೋಳಿನೊಳಗೆ ಕೈ ತೂರಿಸಿ ಅವನ ಬೆರಳು ಹಿಡಿಯುತ್ತಾನೆ, ಹಿಡಿದ ಬಗೆಯೇ ಅಂಕಿ. ಅವನು ಕೈ ತೆಗೆದ ಮೇಲೆ ಕೊಳ್ಳುವವನು ತೂರಿಸುತ್ತಾನೆ. ಒಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ, ಹೊರಗೆ ಮೂವರೂ ಈ ಸಲ ಹಿಮ ಕಡಿಮೆ ಎಂದು ಮಾತಾಡುತ್ತಿರುತ್ತಾರೆ. ಒಳಗೆ ನಡೆದದ್ದಕ್ಕೆ ಸಾಕ್ಷಿ ಇಲ್ಲ, ಚೀಟಿ ಇಲ್ಲ. ದಲ್ಲಾಳಿ ಕೈ ಹೊರಗೆ ತೆಗೆದು ‘ಆಯಿತು’ ಎಂದರೆ ಆಯಿತು.

ನಮ್ಮವರ ತೋಳಿನಲ್ಲಿ ಮೋಸ ಆಗಿದೆ ಎಂದು ನಲವತ್ತು ವರ್ಷದಲ್ಲಿ ಒಬ್ಬನೂ ಹೇಳಿರಲಿಲ್ಲ. ಅದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಪ್ರಾಮಾಣಿಕತೆಯ ಜೊತೆ ಸಂಸಾರ ಮಾಡಿದವಳು ನಾನು. ಹದಿನೇಳಕ್ಕೆ ಮದುವೆಯಾಗಿ ಬಂದೆ. ಅಂದಿನಿಂದ ಈ ಮನುಷ್ಯ ಒಂದು ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟದ್ದು ಕಾಣೆ. ‘ಸಂತೆಯಲ್ಲಿ ಏನಾಯಿತು?’ ಎಂದರೆ ‘ತೋಳಿನ ಮಾತು ತೋಳಿನಲ್ಲಿ’ ಅನ್ನುವುದು. ‘ನನ್ನ ಅಣ್ಣನ ಹೇಸರಗತ್ತೆ ಎಷ್ಟಕ್ಕೆ ಹೋಯಿತು?’ ಎಂದರೂ ಅದೇ. ತವರಿನ ಸುದ್ದಿಯನ್ನು ನಾನು ಊರವರ ಬಾಯಿಂದ ಕೇಳಬೇಕು. ತಲೆ ಚಿಟ್ಟು ಹಿಡಿದು ಎಷ್ಟು ಸಲ ಸೌಟು ಎಸೆದಿದ್ದೇನೋ ಲೆಕ್ಕವಿಲ್ಲ. ಎಸೆದ ಸೌಟನ್ನು ಎತ್ತಿ ತೊಳೆದು ಅದರ ಜಾಗದಲ್ಲಿಟ್ಟು ಹೋಗುವವರೂ ಅವರೇ.

ಚೀನಾದಲ್ಲಿ ಚಕ್ರವರ್ತಿ ಹೋಗಿ ಗಣರಾಜ್ಯ ಬಂದ ಇಪ್ಪತ್ತೊಂದನೆಯ ವರ್ಷದ ಚಳಿಗಾಲ. ನಮ್ಮ ಸೊಸೆ ಸುಯಿಂಗ್‌ಗೆ ತುಂಬು ತಿಂಗಳು. ಮಗ ರೈಲು ಹಳಿ ಹಾಕುವ ಕೆಲಸಕ್ಕೆಂದು ಪಡುವಣಕ್ಕೆ ಹೋಗಿದ್ದ. ಅದಕ್ಕೂ ಮುಂಚೆ ಎರಡು ಬಸಿರು ಹೋಗಿದ್ದವು, ಎರಡನ್ನೂ ನಾನೇ ಬೆಟ್ಟದ ಹಿಂದೆ ಹೂತು ಬಂದಿದ್ದೆ. ಆ ಹುಡುಗಿ ಈ ಸಲ ಉಸಿರು ಬಿಡುವುದಕ್ಕೂ ಹೆದರಿಕೊಂಡಿದ್ದಳು. ಅಂಥ ಹೊತ್ತಿನಲ್ಲಿ ಗೋರಿಯ ಕುದುರೆಯನ್ನು ನಮ್ಮ ಮನೆಯೊಳಗೆ ತಂದಿಡುವುದೇ!

ಬೆಟ್ಟದ ತುಂಬಾ ಹಳೆಯ ಗೋರಿಗಳು, ಅವುಗಳನ್ನು ಅಗೆಯುವ ಗುಂಪುಗಳು. ನನ್ನ ಸಣ್ಣ ವಯಸ್ಸಿನಲ್ಲಿ ಅಗೆಯುವವರು ಮಣ್ಣಿನ ಗೊಂಬೆ ಸಿಕ್ಕರೆ ಅಪಶಕುನ ಎಂದು ಸಲಿಕೆಯಿಂದ ಹೊಡೆದು ಪುಡಿ ಮಾಡಿ ಮುಂದೆ ಹೋಗುತ್ತಿದ್ದರು. ರೈಲು ಬಂತು, ಪರದೇಶದವರು ಬಂದರು, ಅದೇ ಗೊಂಬೆಯನ್ನು ಈಗ ಹತ್ತಿಯಲ್ಲಿ ಸುತ್ತಿ ಎತ್ತಿಕೊಂಡು ಬರುತ್ತಾರೆ. ಬೋಳ ಲೂ ಎಂಬ ಅಗೆಯುವವನಿಗೆ ಆ ವರ್ಷ ಹಳದಿ-ಹಸಿರು ಮೆರುಗಿನ ಮಣ್ಣಿನ ಕುದುರೆ ಸಿಕ್ಕಿತು. ಸುರಂಗದಿಂದ ಎಳೆಯುವಾಗ ಅದರ ಬಾಲ ಕಿತ್ತು ಕೈಗೆ ಬಂತು. ಆ ವಾರವೇ ಅವನ ಎದುರಾಳಿ, ಮನೆಗೆ ನಾಲ್ಕನೆಯ ಮಗನಾದ ನಾಲ್ಕನೇ ಪೆಯ್, ಗುಡ್ಡ ಕೊರೆದು ಮಾಡಿದ ಅವನ ಗುಹೆಮನೆಗೆ ನುಗ್ಗಿ ಕುದುರೆ ಕದ್ದ. ಬಾಲ ಮಾತ್ರ ಬೋಳನ ಜೇಬಿನಲ್ಲಿ ಉಳಿಯಿತು. ಬಾಲವಿಲ್ಲದ ಕುದುರೆಯನ್ನು ಕೊಳ್ಳುವವನಿಲ್ಲ. ಬಾಲ ಸೇರಿದರೆ ಕೊಳ್ಳುವ ಗಿರಾಕಿ ಯಾರೆಂದು ಪೆಯ್‌ಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಬೋಳ ಹೇಳಿ ಕಳಿಸಿದ: ಕುದುರೆ ದಲ್ಲಾಳಿಯ ಮನೆ ಸೇರದಿದ್ದರೆ ಬಾಲವನ್ನು ಸುತ್ತಿಗೆಯಲ್ಲಿ ಕುಟ್ಟಿ ಹಿಟ್ಟು ಮಾಡುತ್ತೇನೆ.

ವ್ಯಾಜ್ಯದ ಪ್ರಾಣಿ ಮಾತು ಮುಗಿಯುವ ತನಕ ದಲ್ಲಾಳಿಯ ಅಂಗಳದಲ್ಲಿರಬೇಕು, ಇದು ಸಂತೆಯ ಕಟ್ಟಳೆ. ಎರಡೂ ಕಡೆಯವರು ಕೇಳಿದ ಮೇಲೆ ದಲ್ಲಾಳಿ ಒಲ್ಲೆ ಅನ್ನುವ ಹಾಗಿಲ್ಲ, ಇದೂ ಕಟ್ಟಳೆ.

“ಅದು ಹೇಸರಗತ್ತೆಗೆ ಇರೋ ಕಟ್ಟಳೆ! ಹುಲ್ಲು ತಿನ್ನೋ ಪ್ರಾಣಿಗೆ!” ಎಂದು ನಾನು ಕೂಗಿದೆ. “ಸತ್ತೋರ ಜೊತೆ ಹೂತಿದ್ದನ್ನ ಬಸುರಿ ಇರೋ ಮನೆಗೆ ತರ್ತೀರಲ್ಲ, ಬುದ್ಧಿ ಎಲ್ಲಿ ಅಡ ಇಟ್ರಿ?”

“ನಾಲ್ಕು ಕಾಲಿದೆ” ಎಂದರು ನಮ್ಮವರು. “ಕೊಟ್ಟಿಗೇಲಿ ಇಡ್ತೀನಿ.”

ಕೊಟ್ಟಿಗೆ ಅಂದರೆ ಏನು, ನಮ್ಮ ಗುಹೆಮನೆಯ ಪಕ್ಕದ ಗುಹೆ. ಮಧ್ಯೆ ಒಂದು ಮೊಳ ಮಣ್ಣಿನ ಗೋಡೆ. ಗೋಡೆಯ ಈಚೆ ಸುಯಿಂಗ್ ಮಲಗುವ ಜಾಗ. ಅವಳು ಅವತ್ತೇ ಊಟ ಬಿಟ್ಟಳು. “ಅತ್ತೆ, ಅದು ಈ ಕಡೆ ತಿರುಗಿ ನಿಂತಿದೆ” ಅನ್ನುತ್ತಿದ್ದಳು. ನಾನು ಹೋಗಿ ಕುದುರೆಯ ಮುಖವನ್ನು ಆ ಕಡೆಗೆ ತಿರುಗಿಸಿ ಬಂದೆ. “ಈಗ ಬೆನ್ನು ಹಾಕಿ ನಿಂತಿದೆ, ಒದೆಯುತ್ತೆ” ಅಂದಳು. ಅವಳ ಮೇಲೂ ರೇಗಿತು, ಏನು ಮಾಡಲಿ? ತವರಿಗೆ ಕಳಿಸೋಣವೆಂದರೆ ಮದುವೆಯಾದ ಹೆಣ್ಣು ತವರಿನಲ್ಲಿ ಹೆರುವ ಹಾಗಿಲ್ಲ, ತವರಿಗೇ ಕೇಡು. ನೆರೆಯವರಂತೂ ಹೆರಿಗೆಯ ರಕ್ತಕ್ಕೆ ಹೊಸ್ತಿಲು ಕೊಡುವುದಿಲ್ಲ. ಅವಳು ಇರಬೇಕಾದದ್ದು ಈ ಮನೆಯಲ್ಲೇ, ಹೋಗಬೇಕಾದದ್ದು ಕುದುರೆ.

ಕುದುರೆ ಹೋಗಬೇಕಾದರೆ ಆ ಇಬ್ಬರು ಒಪ್ಪಬೇಕು. ದಿನಾ ಬೆಳಗಾದರೆ ಬೋಳ ಲೂ ಒಂದು ಕಡೆಯಿಂದ, ನಾಲ್ಕನೇ ಪೆಯ್ ಇನ್ನೊಂದು ಕಡೆಯಿಂದ ಬರುವರು. ನನ್ನ ಅಂಗಳದ ಮೇಜಿಗೆ ಕೂರುವರು, ನನ್ನ ಬಿಸಿನೀರು ಕುಡಿಯುವರು, ನನ್ನ ನವಣೆ ಗಂಜಿ ಹೀರುವರು.

“ಕಳ್ಳನ ಎದುರು ಕೂತು ಗಂಜಿ ಕುಡಿಯೋ ಗತಿ ಬಂತಲ್ಲಪ್ಪಾ” ಎಂದು ಬೋಳ ಶುರು ಮಾಡುವನು.

“ನಾನು ಬದುಕಿರೋನ ಮನೇಲಿ ಕದ್ದೆ. ನೀನು ಸತ್ತೋನ ಮನೇಲಿ ಕದ್ದೆ” ಎನ್ನುವನು ಪೆಯ್. “ಎದ್ದು ಹೊಡೆಯೋಕಾಗದೋನ ಹತ್ರ ಕದಿಯೋದು ಒಂದು ಗಂಡಸುತನವೇನೋ ಬೋಳಾ?”

“ಮೂರು ತಿಂಗಳು ಇಲಿ ಥರಾ ನೆಲದೊಳಗೆ ತೆವಳಿದ್ದು ನಾನು!”

“ಬಾಲ ಕಿತ್ತಿದ್ದೂ ನೀನೇ. ಕತ್ತೆ ಮೇಯ್ಸೋನ ಕೈಗೆ ಕುದುರೆ ಸಿಕ್ರೆ ಇನ್ನೇನಾಗುತ್ತೆ?”

ಆಗ ಬೋಳ ಜೇಬಿನಿಂದ ಬಟ್ಟೆಯ ಗಂಟು ತೆಗೆದು, ಬಾಲವನ್ನು ಹೊರಗೆ ತೋರಿಸಿ, ಮತ್ತೆ ಸುತ್ತಿ ಒಳಗಿಡುವನು. ದಿನಕ್ಕೆ ಹತ್ತು ಸಲ ಇದೇ ಆಟ. ನಡುವೆ ನಮ್ಮವರು ಎರಡೂ ತೋಳು ಚಾಚಿಕೊಂಡು ಕಲ್ಲಿನ ಹಾಗೆ ಕೂತಿರುವರು. ಬರುವುದನ್ನು ಹತ್ತು ಪಾಲು ಮಾಡಿ ಯಾರಿಗೆಷ್ಟು ಅನ್ನುವುದೇ ಜಗಳ. ಇಬ್ಬರೂ ತೋಳಿನೊಳಗೆ ಮೂರು ಬೆರಳ ತುದಿ ಸೇರಿಸಿ ಹಿಡಿಯುತ್ತಿದ್ದರು, ಅಂದರೆ ತನಗೆ ಏಳು ಪಾಲು. ಅದು ನನಗೆ ಗೊತ್ತಾದದ್ದು ಆಮೇಲೆ. ನಮ್ಮವರು ಇಬ್ಬರಿಗೂ ಐದು ಹಿಡಿದು ತೋರಿಸುತ್ತಿದ್ದರು. ಇಬ್ಬರೂ ಕೈ ಕೊಡವಿಕೊಂಡು ಎದ್ದು ಹೋಗುತ್ತಿದ್ದರು, ಮತ್ತೆ ಮಾರನೆಯ ದಿನ ಗಂಜಿಯ ಹೊತ್ತಿಗೆ ಹಾಜರು.

ನಾಲ್ಕನೆಯ ದಿನ ನಾನು ಗಂಜಿ ಬಡಿಸಲಿಲ್ಲ. ಪೆಯ್ ಹಲ್ಲು ಕಿರಿದು, “ಅತ್ತಿಗೆ, ಇವತ್ತು ಒಲೆ ಹತ್ತಲಿಲ್ವಾ?” ಅಂದ.

“ಹತ್ತಿದೆ. ನನ್ನ ಹೊಟ್ಟೇಲಿ. ಬಂದು ಬಟ್ಟಲು ಇಡು.”

“ಲೈಶುನ್ ಅಣ್ಣ, ನಿಮ್ಮ ಮನೇಲಿ ಮಾತಾಡೋರು ಒಬ್ರೇ ಅಂತ ಕೇಳಿದ್ದೆ. ನಿಜ ಕಣ್ರೀ” ಎಂದು ಬೋಳ ನಕ್ಕ. ಈ ಒಂದು ವಿಷಯದಲ್ಲಿ ಮಾತ್ರ ಎದುರಾಳಿಗಳಿಬ್ಬರೂ ಒಂದಾದರು.

ಅವತ್ತು ಅವರು ಹೋದ ಮೇಲೆ ನಾನು ನಮ್ಮವರನ್ನು ತರಾಟೆಗೆ ತೆಗೆದುಕೊಂಡೆ. “ಐದಾದ್ರೂ ಹೇಳಿ, ಆರಾದ್ರೂ ಹೇಳಿ, ಹಾಳಾಗಿ ಹೋಗ್ಲಿ, ಏನಾದ್ರೂ ಹೇಳಿ ಅದನ್ನ ಹೊರಗೆ ಕಳಿಸ್ರೀ! ಆ ಹುಡುಗಿ ಮೂರು ದಿನದಿಂದ ನೀರು ಬಿಟ್ಟು ಏನೂ ನುಂಗಿಲ್ಲ.”

“ಅವರು ಒಪ್ಪಬೇಕಲ್ಲ.”

“ನೀವು ಒಪ್ಪಿಸ್ರಿ!”

“ತೋಳು ಒಪ್ಪಿಸಲ್ಲ. ಒಪ್ಪಿದ್ದನ್ನ ಹೇಳುತ್ತೆ, ಅಷ್ಟೇ.”

ಸೌಟು ಎಸೆದೆ. ಎತ್ತಿ ತೊಳೆದಿಟ್ಟರು. ಅವರ ಮೈಯಲ್ಲಿ ರಕ್ತ ಹರಿಯುತ್ತದೋ ವಿನಿಗರ್ ಹರಿಯುತ್ತದೋ ಎಂದು ನನಗೆ ಅನುಮಾನವಾಯಿತು.

ಆರನೆಯ ದಿನ ಹಿಮ ಬಿತ್ತು. ಬೆಳಗ್ಗೆ ನೋಡುತ್ತೇನೆ, ಸುಯಿಂಗ್ ಹಾಸಿಗೆಯಲ್ಲಿಲ್ಲ. ಹೊರಗೆ ಅಂಗಳದ ಮೂಲೆಯಲ್ಲಿ ಬುಟ್ಟಿ ಬೋರಲು ಹಾಕಿಕೊಂಡು, ರಜಾಯಿ ಹೊದ್ದು, ಹಿಮದಲ್ಲಿ ಕೂತಿದ್ದಾಳೆ. ತುಟಿ ನೀಲಿಗಟ್ಟಿದೆ.

“ಒಳಗೆ ಬಾರೇ!”

“ಬರಲ್ಲ ಅತ್ತೆ. ನಿನ್ನೆಯಿಂದ ಇದು ಅಲುಗಾಡ್ತಿಲ್ಲ” ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಅದು ಇರೋ ತನಕ ನಾನು ಒಳಗೆ ಬರಲ್ಲ. ಇಲ್ಲೇ ಸತ್ರೆ ಸಾಯ್ತೀನಿ.”

ಕೈ ಹಿಡಿದು ಎಳೆದೆ. ಅವಳು ಬುಟ್ಟಿಗೆ ಅಂಟಿಕೊಂಡ ಹಾಗೆ ಕೂತಳು. ನಾನು ಅತ್ತುಬಿಟ್ಟೆ. ಆ ಹೊತ್ತಿಗೆ ಸರಿಯಾಗಿ ಬೋಳನೂ ಪೆಯ್‌ನೂ ಹಿಮ ಕೊಡವುತ್ತಾ ಒಳಗೆ ಬಂದರು. ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಸುಯಿಂಗ್‌ಳನ್ನು ನೋಡಿದರು. ಮೈಯಲ್ಲಿದ್ದ ಶಕ್ತಿಯನ್ನೆಲ್ಲಾ ಒಟ್ಟು ಮಾಡಿ ನಾನು ಅವರನ್ನು ಬಯ್ದೆ. ಮರದ ಮನುಷ್ಯ ಅಂದೆ, ಇನ್ನೂ ಹೇಳಬಾರದ ಮಾತುಗಳನ್ನೂ ಅಂದೆ. ಅವರು ಆ ಇಬ್ಬರನ್ನು ಕರೆದುಕೊಂಡು ಕೊಟ್ಟಿಗೆಯ ಒಳಗೆ ಹೋದರು.

ಒಂದು ಬಟ್ಟಲು ಶಾವಿಗೆ ತಿಂದು ಮುಗಿಸುವಷ್ಟು ಹೊತ್ತೂ ಆಗಿರಲಿಲ್ಲ, “ಆಯಿತು” ಎಂಬ ಅವರ ದನಿ ಕೇಳಿಸಿತು.

ಕುದುರೆಯನ್ನು ಅಂಗಳಕ್ಕೆ ತಂದು ಮೇಜಿನ ಮೇಲಿಟ್ಟು ಕೈ ತೆಗೆದರು. ಇಂಥ ಮಾಲನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಒಬ್ಬ ಇಟ್ಟು ಕೈ ಬಿಟ್ಟ ಮೇಲೆ ಇನ್ನೊಬ್ಬ ಎತ್ತಬೇಕು. ಪೆಯ್ ಎತ್ತಿಕೊಂಡ. ಬೋಳ ಬಾಲದ ಗಂಟನ್ನು ಎದೆಗೆ ಒತ್ತಿಕೊಂಡು ಅವನ ಹಿಂದೆಯೇ ನಡೆದ. ಇಬ್ಬರ ಮುಖದಲ್ಲೂ ನಗು. ನನಗೆ ಅಲ್ಲೇ ಹೊಳೆಯಬೇಕಿತ್ತು. ಸರಿಯಾದ ವ್ಯಾಪಾರ ಆದಾಗ ಎರಡೂ ಕಡೆಯವರು ಮುಖ ಊದಿಸಿಕೊಂಡು ಹೋಗುತ್ತಾರೆ. ಇವರ ತೋಳಿನಿಂದ ಇಬ್ಬರೂ ನಗುತ್ತಾ ಹೋದದ್ದು ನಲವತ್ತು ವರ್ಷದಲ್ಲಿ ಅದೇ ಮೊದಲು.

ಸುಯಿಂಗ್ ತಾನಾಗಿ ಎದ್ದು ಒಳಗೆ ಬಂದಳು. ಎರಡು ಬಟ್ಟಲು ಗಂಜಿ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒದ್ದಿತು.

ಮೂರು ದಿನ ಬಿಟ್ಟು ಸಂತೆ. ಬಾಣಂತನಕ್ಕೆಂದು ಕಪ್ಪು ಬೆಲ್ಲ ಕೊಳ್ಳಲು ನಾನೂ ಹೋಗಿದ್ದೆ. ಹೇಸರಗತ್ತೆಗಳ ಕಡೆ ಗದ್ದಲ. ಬೋಳನ ತುಟಿ ಒಡೆದಿತ್ತು, ಪೆಯ್‌ನ ಕಣ್ಣು ಊದಿತ್ತು. ನಮ್ಮವರನ್ನು ನಡುವೆ ನಿಲ್ಲಿಸಿಕೊಂಡಿದ್ದರು. ದಲ್ಲಾಳಿಗಳಿಗೆಲ್ಲಾ ಹಿರಿಯನಾದ ಮುದುಕ ಸಾಂಗ್ ವಿಚಾರಣೆ ಮಾಡುತ್ತಿದ್ದ.

“ನನಗೆ ಏಳು ಅಂತ ಹಿಡಿದ್ರು” ಅಂದ ಬೋಳ.

“ನನಗೂ ಏಳೇ” ಅಂದ ಪೆಯ್.

“ಏಳೂ ಏಳೂ ಹದಿನಾಲ್ಕು. ಹತ್ತರಲ್ಲಿ ಹದಿನಾಲ್ಕು ಪಾಲು!” ಎಂದ ಸಾಂಗ್. “ದಾರೀಲಿ ಕುದುರೆ ಮರಿ ಹಾಕ್ತೇನ್ರೋ?”

ಜನ ನಕ್ಕರು. ಆದರೆ ಆ ನಗು ಬೇಗ ನಿಂತಿತು. ಅಲ್ಲಿದ್ದ ಒಬ್ಬೊಬ್ಬನೂ ಯಾವತ್ತಾದರೊಂದು ದಿನ ನಮ್ಮವರ ತೋಳಿನಲ್ಲಿ ಕೈ ಇಟ್ಟವನೇ. ಆ ತೋಳು ಸುಳ್ಳಾದರೆ ಅವರವರ ಹಟ್ಟಿಯ ಹೇಸರಗತ್ತೆಯ ಮೇಲೂ ಅನುಮಾನ ಬರುತ್ತದೆ. ಯಾರಿಗೂ ಅದು ಬೇಕಿರಲಿಲ್ಲ. ಸಾಂಗ್ ಹತ್ತಿರ ಬಂದು ಮೆತ್ತಗೆ ಅಂದ: “ಲೈಶುನ್, ಅವತ್ತು ಹಿಮ ಬಿದ್ದಿತ್ತಲ್ಲ. ಬೆರಳು ಮರಗಟ್ಟಿರುತ್ತೆ. ಮರಗಟ್ಟಿದ ಬೆರಳಲ್ಲಿ ಐದು ಹಿಡಿದ್ರೂ ಏಳಿನ ಥರಾ ಆಗುತ್ತೆ. ಹೌದು ತಾನೆ?”

“ಹೌದು ಅನ್ನಿ ಅಣ್ಣಾ, ಮುಗಿದೋಯ್ತು” ಎಂದ ಬೋಳ. “ನಾವು ಹೊಡೆದಾಡಿ ಆಮೇಲೆ ಐದೈದು ಹಂಚಿಕೊಂಡ್ವಿ.”

ಮೊದಲ ಐದು ದಿನ ನಮ್ಮವರು ಹಿಡಿದು ತೋರಿಸಿದ್ದೂ ಅದೇ ಐದು! ಆ ಇಬ್ಬರ ತಲೆಯನ್ನು ಒಂದಕ್ಕೊಂದು ಡಿಕ್ಕಿ ಹೊಡೆಸೋಣ ಎನ್ನಿಸಿತು. ಆದರೂ ಒಳಗೊಳಗೇ, ಹೌದು ಅಂದುಬಿಡಿ, ಒಂದೇ ಮಾತು, ಜನ್ಮದಲ್ಲಿ ಒಂದು ಪ್ರಶ್ನೆಗಾದರೂ ನೆಟ್ಟಗೆ ಉತ್ತರ ಕೊಡಿ ಎಂದು ಬೇಡಿಕೊಂಡೆ.

ಕೊಟ್ಟರು. “ಮರಗಟ್ಟಿರಲಿಲ್ಲ” ಅಂದರು. “ಬೆಚ್ಚಗಿತ್ತು. ಗೊತ್ತಿದ್ದೇ ಹಿಡಿದೆ. ಇಬ್ಬರಿಗೂ ಸುಳ್ಳು ಹೇಳಿದೆ.”

ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಂಗ್ ಅವರ ಮುಖ ನೋಡಿ, ನೆಲಕ್ಕೆ ಉಗುಳಿ, ಬೆನ್ನು ತಿರುಗಿಸಿದ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿಸಿದರು.

ದಾರಿಯುದ್ದಕ್ಕೂ ನಾನು ಅವರನ್ನು ಬಿಡಲಿಲ್ಲ. “ಒಂದು ಸುಳ್ಳು ಹೇಳೋಕೆ ಬಂತು, ಇನ್ನೊಂದು ಹೇಳೋಕೆ ಏನು ದಾಡಿ? ಅವರೇ ಬಾಯಿಗೆ ತುರುಕ್ತಿದ್ರಲ್ಲ! ನುಂಗೋಕಾಗ್ಲಿಲ್ವಾ?”

ಬೆಟ್ಟದ ತಿರುವಿನಲ್ಲಿ ನಿಂತರು. “ಅದು ಸುಯಿಂಗ್‌ಗೋಸ್ಕರ ಹೇಳಿದ್ದು” ಅಂದರು. “ಇದನ್ನ ಹೇಳಿದ್ರೆ ನನಗೋಸ್ಕರ ಆಗ್ತಿತ್ತು.”

ಇಂಥವರ ಜೊತೆ ಏನು ಮಾತಾಡುವುದು? ಬೆಲ್ಲದ ಗಂಟನ್ನು ಅವರ ಕೈಗೆ ತುರುಕಿ ಮುಂದೆ ನಡೆದೆ.

ಅದಾಗಿ ಹನ್ನೊಂದು ದಿನಕ್ಕೆ ಸುಯಿಂಗ್ ಹೆತ್ತಳು. ಹೆಣ್ಣುಮಗು, ಬೆಟ್ಟದಾಚೆಗೂ ಕೇಳುವಂಥ ಗಂಟಲು. ಮೂರನೆಯ ದಿನ ಮಗುವಿಗೆ ಮೊದಲ ಸ್ನಾನ ಮಾಡಿಸಿ ಬಂದವರಿಗೆಲ್ಲಾ ಶಾವಿಗೆ ಬಡಿಸಬೇಕು. ನನ್ನ ಮಗ ಹುಟ್ಟಿದಾಗ ಸಂತೆಗೆ ಸಂತೆಯೇ ಬಂದಿತ್ತು. ಯಾರಾದರೂ ಬಂದೇ ಬರುತ್ತಾರೆ ಎಂದು ಮೂವತ್ತು ಜನರಿಗಾಗುವಷ್ಟು ಹಿಟ್ಟು ನಾದಿದೆ, ನೆರೆಮನೆಯಿಂದ ಬಟ್ಟಲು ಎರವಲು ತಂದು ಅಂಗಳದ ಮೇಜಿನ ಮೇಲೆ ಜೋಡಿಸಿದೆ. ಹೊತ್ತು ನೆತ್ತಿಗೇರಿ ಇಳಿಯಿತು. ಒಬ್ಬರೂ ಬರಲಿಲ್ಲ.

ನಮ್ಮವರು ಬಾಗಿಲ ಕಡೆ ಒಮ್ಮೆಯೂ ನೋಡಲಿಲ್ಲ. ಮೇಜಿಗೆ ಕೂತು ಒಂದು ಬಟ್ಟಲು ತಿಂದರು. ನಾನು ಬಡಿಸಿದೆ, ಇನ್ನೊಂದು ತಿಂದರು. ಬಡಿಸಿದೆ, ಮತ್ತೊಂದು ತಿಂದರು. ನಾಲ್ಕನೆಯದಕ್ಕೆ ತುತ್ತು ಇಳಿಯುತ್ತಿರಲಿಲ್ಲ. ನನಗೆ ಕಾಣಿಸುತ್ತಿತ್ತು, ನಿಲ್ಲಿಸಲಿಲ್ಲ ಮನುಷ್ಯ. ಮಾಡಿಟ್ಟದ್ದು ಉಳಿದು ನನಗೆ ನೋವಾಗಬಾರದು ಎಂದು ತಿನ್ನುತ್ತಿದ್ದರು.

“ಸಾಕು ಬಿಡ್ರೀ” ಅಂದೆ. ಅವರ ಎದುರು ಕೂತು, ಒಂದು ಬಟ್ಟಲು ನನ್ನ ಕಡೆಗೆ ಎಳೆದುಕೊಂಡು, ನಾನೂ ತಿನ್ನತೊಡಗಿದೆ.